ಭಾವನವರ ಕರ್ಚೀಫ್ ಪುರಾಣ

ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಭಾವ ನಿಮಗೆಲ್ಲ ಗೊತ್ತಲ್ಲ, ಅವರೇ. ಭಾನುವಾರ ಬೀದರಿಗೆ ಬಂದಿದ್ದರು. ಇಲ್ಲಿನ ಸಿಖ್ಖರ ಗುರುದ್ವಾರ ಗುರುನಾನಕ್ ಝೀರಾ ತೋರಿಸೋಣ ಅಂತ ಕರೆದುಕೊಂಡು ಹೋದೆ. ಬಾಗಿಲಲ್ಲೇ ಶುರು. 'ತಲೆಗೆ ಬಟ್ಟೆ ಕಟ್ಟಲೇಬೇಕಾ? ಜೇಬಿನ ಗುಟ್ಕಾನೂ ಹೊರಗಿಡಬೇಕಾ? ಏನಪ್ಪಾ ಇವರ ರೂಲ್ಸು!' ಬುಟ್ಟಿಯಲ್ಲಿದ್ದ ಕೇಸರಿ ಬಟ್ಟೆಯನ್ನು ಎರಡೇ ಬೆರಳಲ್ಲಿ, ಸತ್ತ ಇಲಿ ಎತ್ತುವ ಹಾಗೆ ಎತ್ತಿದರು.

ನಮ್ಮ ದೇವಸ್ಥಾನದಲ್ಲಿ ಅಂಗಿ ಬಿಚ್ಚಿ ಅಂದರೆ ಇದೇ ಭಾವ ತುಟಿ ಬಿಚ್ಚಲ್ಲ!

ಅಮೃತ, ಅಂದರೆ ದೀಕ್ಷೆ, ತೆಗೆದುಕೊಂಡ ಸಿಖ್ಖರಿಗೆ ನಾಲ್ಕು ದೊಡ್ಡ ನಿಷೇಧ. ಕೂದಲು ತೆಗೆಯಬಾರದು, ಹಲಾಲ್ ಮಾಂಸ ತಿನ್ನಬಾರದು, ಪರಸಂಗ ಬೇಡ, ತಂಬಾಕು ಬೇಡ. ನಮ್ಮವರಿಗೆ ಕಾಣುವುದು ಕೂದಲೊಂದೇ, ಅದರ ಮೇಲೇ ಜೋಕು. ಅಂದ ಹಾಗೆ, 1699ರಲ್ಲಿ ಪಂಜಾಬಿನ ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗರು ಕೇಳಿದಾಗ ತಲೆ ಕೊಡಲು ಎದ್ದುನಿಂತ ಐವರಲ್ಲಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಕ್ಷೌರದ ಮನೆತನ ಅಂತಾರೆ. ಭಾವನಿಗೆ ಇದನ್ನು ಹೇಳಿದೆ. 'ಹೌದಾ' ಅಂದು ಮೊಬೈಲ್ ನೋಡಿದರು.

ನನಗೆ ಉರಿಯುವುದು ಬೇರೆಯದಕ್ಕೆ. 1945ರಲ್ಲಿ ಅಮೃತಸರದ ಗುರುದ್ವಾರ ಕಮಿಟಿ ಒಪ್ಪಿದ ರೆಹತ್ ಮರ್ಯಾದಾದಲ್ಲಿ, ಅಂದರೆ ಸಿಖ್ಖರ ನಡವಳಿಕೆಯ ನಿಯಮಾವಳಿಯಲ್ಲಿ, ಇನ್ನೂ ಎಷ್ಟೋ 'ಬೇಡ'ಗಳಿವೆ. ಜಾತಿ ನಂಬಬೇಡ, ಮುಹೂರ್ತ ನೋಡಬೇಡ, ಏಕಾದಶಿ ಉಪವಾಸ ಬೇಡ, ಶ್ರಾದ್ಧ ಬೇಡ. ಸಭೆಯಲ್ಲಿ ಹೆಂಗಸರು ಮುಖಕ್ಕೆ ಸೆರಗು ಹಾಕಬಾರದು. ಇದ್ಯಾವುದೂ ಯಾರ ಕಣ್ಣಿಗೂ ಬೀಳಲ್ಲ. ಕರ್ಚೀಫ್ ಮಾತ್ರ ಬೀಳುತ್ತೆ!

'ಅವರೇನು ಎಲ್ಲ ಪಾಲಿಸ್ತಾರಾ? ಜಾತಿ ನೋಡೇ ಮದುವೆ ಮಾಡ್ತಾರೆ' ಅಂತ ಕಾಮೆಂಟ್ ಹಾಕಲು ಒಬ್ಬರು ರೆಡಿ ಇರುತ್ತೀರಿ. ಮಾಡ್ತಾರೆ ಸ್ವಾಮಿ, ಗೊತ್ತು. ಆದರೆ ತಪ್ಪಿದವರನ್ನು ಕರೆದು ಕೇಳುವ ಪದ್ಧತಿಯೂ ಅಲ್ಲಿದೆ. 2024ರ ಡಿಸೆಂಬರಿನಲ್ಲಿ ಸುಖಬೀರ್ ಬಾದಲ್, ಪಂಜಾಬಿನ ಉಪಮುಖ್ಯಮಂತ್ರಿ ಆಗಿದ್ದವರು, ಕೊರಳಿಗೆ ಫಲಕ ಹಾಕಿಕೊಂಡು, ಕೈಯಲ್ಲಿ ಈಟಿ ಹಿಡಿದು, ವೀಲ್‌ಚೇರಿನಲ್ಲಿ ಸ್ವರ್ಣಮಂದಿರದ ಬಾಗಿಲು ಕಾಯ್ದರು. ಪಾತ್ರೆ ತೊಳೆಯುವುದು, ಚಪ್ಪಲಿ ಒರೆಸುವುದು ಕೂಡ ಶಿಕ್ಷೆಯೇ. ನಮ್ಮ ಕಡೆ ಯಾವ ದೊಡ್ಡವರಿಗಾದರೂ ಹೀಗೆ ಹೇಳಿ ನೋಡಿ.

ಗುರುದ್ವಾರದ ಊಟದ ಮನೆ ಲಂಗರಿನಲ್ಲಿ ನೆಲದ ಮೇಲೆ ಸಾಲಾಗಿ ಕೂತೆವು. ಭಾವ ಎರಡು ಸಲ ದಾಲ್ ಹಾಕಿಸಿಕೊಂಡರು, ರೂಲ್ಸು ನೆನಪಾಗಲಿಲ್ಲ.

ಹೊರಗೆ ಬಂದು ಕಾರ್ ತೆಗೆದೆ. ಆಗ ನಾಲ್ಕೂವರೆ ದಾಟಿತ್ತು. ಭಾವ ಗಡಿಯಾರ ನೋಡಿ, 'ತಡಿ ಮಾರಾಯ, ರಾಹುಕಾಲ. ಆರಕ್ಕೆ ಹೊರಡೋಣ.'

ನಗು ಬಂತು, ಆದರೆ ನಗಲಿಲ್ಲ. ಹೋದ ವರ್ಷ ನನ್ನ ಸ್ಕೂಟರಿನ ಡೆಲಿವರಿಗೆ ಒಳ್ಳೆ ಗಳಿಗೆ ಅಂತ ಶೋರೂಮಿನವರಿಂದ ಬೆಳಿಗ್ಗೆ ಏಳಕ್ಕೇ ಬಾಗಿಲು ತೆಗೆಸಿದವನು ನಾನೇ.

ಕಾರಿನಲ್ಲೇ ಆರರವರೆಗೆ ಕೂತೆವು. ಕೇಸರಿ ಬಟ್ಟೆ ವಾಪಸ್ ಇಡಲು ಮರೆತಿದ್ದರು, ಇನ್ನೂ ಅವರ ತಲೆ ಮೇಲೇ ಇತ್ತು.