ಪಾಲಕರ ಗಮನಕ್ಕೆ

ಶಾಲೆಯ ಸೂಚನೆಗಳು ರಾತ್ರಿ ಹತ್ತು ಗಂಟೆಯ ಮೇಲೆಯೇ ಏಕೆ ಬರುತ್ತವೆಯೋ ದೇವರೇ ಬಲ್ಲ. ಕಳೆದ ವಾರ ಕನ್ನಡಕ ತೆಗೆದಿಟ್ಟು, ದೀಪ ಆರಿಸಿ, ಹೊದಿಕೆ ಎಳೆದುಕೊಳ್ಳುವಷ್ಟರಲ್ಲಿ ಮೊಬೈಲ್ ಗುಂಯ್‌ಗುಟ್ಟಿತು. ಎದ್ದು ದೀಪ ಹಾಕಿ, ಕನ್ನಡಕ ತಡಕಾಡಿ ನೋಡಿದರೆ ‘ಪಾಲಕರ ಗಮನಕ್ಕೆ’ ಎಂಬ ತಲೆಬರಹ. ಅದರ ಮುಂದೆ ಮೂರು ಆಶ್ಚರ್ಯಸೂಚಕ ಚಿಹ್ನೆಗಳು. ಕೆಳಗೆ ಹದಿನಾಲ್ಕು ಕಲಮುಗಳು. ಕಟ್ಟಕಡೆಯ ಕಲಮಿನಲ್ಲಿ ‘ನಾಳೆ ಬೆಳಿಗ್ಗೆ ಪ್ರತಿ ಮಗುವೂ ಒಂದು ಹಳದಿ ಚಾರ್ಟ್ ಪೇಪರ್ ತರತಕ್ಕದ್ದು’ ಎಂದಿತ್ತು. ಅಷ್ಟು ಹೊತ್ತಿನಲ್ಲಿ ಧಾರವಾಡದಲ್ಲಿ ಹಳದಿ ಚಾರ್ಟ್ ಪೇಪರ್ ಮಾರುವ ಅಂಗಡಿ ಯಾವುದಾದರೂ ತೆರೆದಿದ್ದರೆ ಅದರ ಮಾಲೀಕನಿಗೆ ನನ್ನ ಸಾಷ್ಟಾಂಗ ನಮಸ್ಕಾರ.

ನಿಜ ಹೇಳಬೇಕೆಂದರೆ ನಾನು ಪಾಲಕನಲ್ಲ, ಪಾಲಕನ ತಂದೆ. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯ ಕಚೇರಿಗಳಿಗೆ ಹೋಗುವವರು. ನಾಲ್ಕನೆಯ ತರಗತಿಯ ಮೊಮ್ಮಗಳ ದಾಖಲೆಯಲ್ಲಿ ನನ್ನ ನಂಬರನ್ನೇ ಕೊಟ್ಟಿದ್ದಾರೆ. ‘ನಿವೃತ್ತರು, ಸದಾ ಮನೆಯಲ್ಲಿಯೇ ಇರುತ್ತಾರೆ’ ಎಂದು ಸೊಸೆ ಶಾಲೆಯವರಿಗೆ ಹೇಳಿದ್ದಳಂತೆ. ನಿವೃತ್ತಿಗೆ ಮೊದಲು ನಾನು ಸರಕಾರಿ ಕಚೇರಿಯೊಂದರಲ್ಲಿ ಸುತ್ತೋಲೆ ಬರೆದೇ ಹೊಟ್ಟೆ ಹೊರೆದವನು. ಒಂದು ಸುತ್ತೋಲೆಗೆ ಒಂದೇ ವಿಷಯ ಎಂದು ಮೇಲಧಿಕಾರಿಗಳು ಬೈದು ಬೈದು ಕಲಿಸಿದ್ದರು. ಇಲ್ಲಿ ನೋಡಿದರೆ ಶುಲ್ಕದ ಬಾಕಿ, ತಲೆಯ ಹೇನು, ನೀರಿನ ಬಾಟಲಿ, ಗ್ಯಾದರಿಂಗಿನ ಉಡುಪು, ಪರೀಕ್ಷೆಯ ವೇಳಾಪಟ್ಟಿ ಎಲ್ಲವೂ ಒಂದೇ ಉಸಿರಿನಲ್ಲಿ. ‘ಹೇನು ಇರುವವರು ಸೂಕ್ತ ಚಿಕಿತ್ಸೆ ಪಡೆಯತಕ್ಕದ್ದು’ ಎಂಬ ಸಾಲಿನ ಬೆನ್ನಿಗೇ ‘ಮುಖ್ಯ ಅತಿಥಿಗಳು ಆಗಮಿಸಲಿದ್ದಾರೆ’ ಎಂದು ಓದಬೇಕು. ನಮ್ಮ ಕಚೇರಿಯಲ್ಲಿ ಹೀಗೆ ಬರೆದಿದ್ದರೆ ವರ್ಗಾವಣೆ ಖಚಿತವಾಗಿತ್ತು.

ಮಳೆಗಾಲದಲ್ಲಿ ಶಾಲೆ ಇಷ್ಟು ಮಾತನಾಡುವುದಿಲ್ಲ. ಜಡಿಮಳೆ ಹಿಡಿದಾಗ ‘ಜಿಲ್ಲಾಧಿಕಾರಿಗಳ ಆದೇಶದ ಮೇರೆಗೆ ಇಂದು ರಜೆ’ ಎಂಬ ಒಂದೇ ಸಾಲು ಬರುತ್ತದೆ. ಅದನ್ನು ಓದಿ ಹೇಳಲು ಮಕ್ಕಳೇ ಓಡಿಬರುತ್ತಾರೆ. ಕೆಲಗೇರಿ ಕಡೆಯ ಆಪೂಸು ತೋಟಗಳಲ್ಲಿ ಹೂವು ಮಿಡಿಯಾಗುವ ಹೊತ್ತಿಗೆ ಶಾಲೆಗೆ ಬಾಯಿ ಬರುತ್ತದೆ. ವಸಂತದಲ್ಲಿ ಕೋಗಿಲೆ ಕೂಗುವುದಕ್ಕೆ ಕಾರಣ ಎಲ್ಲರಿಗೂ ಗೊತ್ತು. ಶಾಲೆ ಕೂಗುವುದು ಏಕೆ? ಇದಕ್ಕೆ ನನ್ನದೊಂದು ವಿವರಣೆ ಇದೆ, ಅದನ್ನು ಹೇಳಬೇಕೆಂದೇ ಬರೆಯಲು ಕುಳಿತಿದ್ದೇನೆ. ಅದಕ್ಕೆ ಮೊದಲು ಆರನೆಯ ಕಲಮಿನ ಮಾತು ಮುಗಿಸಿಬಿಡುತ್ತೇನೆ.

ಆರನೆಯ ಕಲಮು: ‘ಶಾಲೆಯಲ್ಲಿ ಉಳಿದಿರುವ ಸ್ವೆಟರುಗಳನ್ನು ಶನಿವಾರದೊಳಗಾಗಿ ಗುರುತಿಸಿ ಒಯ್ಯತಕ್ಕದ್ದು. ತಪ್ಪಿದಲ್ಲಿ ಶಾಲೆಯು ಹೊಣೆಯಲ್ಲ.’

ಸಮುದ್ರದ ದಂಡೆಯ ಊರಿನಲ್ಲಿ ಈ ಕಲಮು ಹುಟ್ಟಲಾರದು. ಧಾರವಾಡ ಪೂರ್ತಿ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಎರಡರ ಗಡಿಯ ಮೇಲೆ ಕುಳಿತು ಎರಡೂ ಕಡೆಯ ಹವೆ ಉಣ್ಣುವ ಊರು. ಫೆಬ್ರುವರಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಮಕ್ಕಳ ಮೂಗು ಸೋರುತ್ತಿರುತ್ತದೆ, ಹನ್ನೊಂದಕ್ಕೆ ಕುತ್ತಿಗೆ ಬೆವರುತ್ತಿರುತ್ತದೆ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎನ್ನುತ್ತ ಓಡಿಹೋಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ತೇರು ಎಳೆಯುವ ಹೊತ್ತಿಗೆ ಅದು ಊರು ಬಿಟ್ಟಿರುತ್ತದೆ, ಸರಿ. ಆದರೆ ಓಡುವ ಮುಂಚಿನ ಕೆಲವು ವಾರ ಅದು ಬೆಳಿಗ್ಗೆ ಬಂದು ಮುಖ ತೋರಿಸಿ ಹೋಗುತ್ತದೆಯಲ್ಲ, ಸ್ವೆಟರುಗಳು ಕಳೆಯುವುದು ಆಗಲೇ. ತಾಯಂದಿರು ತೊಡಿಸಿ ಕಳಿಸುತ್ತಾರೆ, ಬಿಸಿಲು ಬಿಚ್ಚಿಸುತ್ತದೆ. ಬಿಚ್ಚಿದ್ದು ಮೊದಲು ಸೊಂಟಕ್ಕೆ, ಸೊಂಟದಿಂದ ಬೆಂಚಿಗೆ, ಬೆಂಚಿನಿಂದ ಮೈದಾನಕ್ಕೆ. ಅಲ್ಲಿ ಎರಡು ಸ್ವೆಟರ್ ಸುತ್ತಿಟ್ಟರೆ ಗೋಲ್‌ಪೋಸ್ಟ್ ಆಗುತ್ತದೆ. ಗಂಟೆ ಬಾರಿಸಿದರೆ ಗೋಲ್‌ಪೋಸ್ಟನ್ನು ಯಾರು ಎತ್ತಿಕೊಂಡು ಬರುತ್ತಾರೆ?

ಶನಿವಾರ ಬೆಳಗಿನ ಶಾಲೆ. ಬಿಡುವ ಹೊತ್ತಿಗೆ ಹೋದೆ. ವರಾಂಡದಲ್ಲಿ ಉದ್ದನೆಯ ಬೆಂಚು. ಅದರ ಮೇಲೆ ಬದನೆಕಾಯಿ ಬಣ್ಣದ ಸ್ವೆಟರುಗಳ ರಾಶಿ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ರಜಿಸ್ಟರ್ ಇಟ್ಟುಕೊಂಡು ಸಿಪಾಯಿ ಕುಳಿತಿದ್ದ. ಎಲ್ಲವೂ ಒಂದೇ ಅಂಗಡಿಯವು, ಒಂದೇ ಬಣ್ಣ, ಹೆಚ್ಚುಕಡಿಮೆ ಒಂದೇ ಅಳತೆ. ಹೆಸರು ಬರೆದ ಪಟ್ಟಿ ಹೊಲಿಸಬೇಕೆಂದು ಜೂನ್ ತಿಂಗಳಲ್ಲಿಯೇ ಸೂಚನೆ ಬಂದಿತ್ತಂತೆ. ಆ ಸೂಚನೆ ಎಷ್ಟನೆಯ ಕಲಮಾಗಿತ್ತೋ. ಒಬ್ಬ ತಂದೆ ಮೊಬೈಲಿನಲ್ಲಿ ಹೆಂಡತಿಗೆ ಒಂದೊಂದಾಗಿ ತೋರಿಸುತ್ತಿದ್ದ. ಆಕೆ ಅಲ್ಲಿಂದಲೇ ‘ಅದಲ್ಲ, ಅದಲ್ಲ’ ಎನ್ನುತ್ತಿದ್ದಳು. ಇನ್ನೊಬ್ಬ ತಾಯಿ ಯಾವ ಗಡಿಬಿಡಿಯೂ ಇಲ್ಲದೆ ಒಂದೊಂದನ್ನೇ ಎತ್ತಿ ಮೂಗಿಗೆ ಹಿಡಿದು ಮೂಸಿ ಬದಿಗಿಡುತ್ತಿದ್ದಳು. ಆರೇಳು ಮೂಸಿದ ಮೇಲೆ ಒಂದನ್ನು ಬಗಲಲ್ಲಿ ಇಟ್ಟುಕೊಂಡು, ಸಹಿ ಮಾಡಿ, ಹಿಂದಿರುಗಿ ನೋಡದೆ ನಡೆದಳು. ಹೇಗೆ ತಿಳಿಯಿತು ಎಂದು ಕೇಳಿದೆ. ‘ನಮ್ಮ ಮನೆಯ ಎಣ್ಣೆ ನನಗೆ ತಿಳಿಯುವುದಿಲ್ಲವೇ?’ ಎಂದಳು. ಪತ್ತೇದಾರಿ ಇಲಾಖೆಯವರು ಇಂಥವರನ್ನು ಬಿಟ್ಟು ನಾಯಿಗಳನ್ನು ಏಕೆ ಸಾಕುತ್ತಾರೆ?

ನನಗೆ ಮೂಗಿನ ಬಲವಿಲ್ಲ. ಆದರೆ ಸಾಕ್ಷ್ಯ ಇತ್ತು. ನನ್ನ ಮೊಮ್ಮಗಳಿಗೆ ಗಣಿತದ ಅವಧಿಯಲ್ಲಿ ಎಡತೋಳಿನ ಅಂಚನ್ನು ಅಗಿಯುವ ಅಭ್ಯಾಸವಿದೆ. ಬಲಗೈಯಲ್ಲಿ ಪೆನ್ಸಿಲ್ ಇರುತ್ತದೆ, ಬಾಯಿಗೆ ಸಿಗುವುದು ಎಡತೋಳೇ. ಅಂಚಿನ ಹೆಣಿಗೆ ಬಿಚ್ಚಿ, ದಾರ ಗಟ್ಟಿಯಾಗಿ, ನಾಯಿಮರಿಗೆ ಸಿಕ್ಕ ಕಾಲುಚೀಲದ ಗತಿಯಾಗಿರುತ್ತದೆ. ಅದನ್ನು ನೋಡಿದರೆ ಸಾಕೆಂದು ಧೈರ್ಯವಾಗಿ ಮೊದಲನೆಯದನ್ನು ಎತ್ತಿದೆ: ಎಡತೋಳು ಅಗಿದಿತ್ತು. ಸಿಕ್ಕಿತೆಂದು ಸಂತೋಷಪಡುವಷ್ಟರಲ್ಲಿ ಕೆಳಗಿನದು ಕಣ್ಣಿಗೆ ಬಿತ್ತು. ಅದೂ ಅಗಿದಿತ್ತು. ಅದರ ಕೆಳಗಿನದೂ. ಒಂದರಲ್ಲಿ ಬಲತೋಳು ಅಗಿದಿತ್ತು. ಎಡಗೈಯಲ್ಲಿ ಬರೆಯುವ ಮಗು ಇರಬೇಕು. ರಾಶಿಯಲ್ಲಿ ಅರ್ಧಕ್ಕರ್ಧ ಸ್ವೆಟರುಗಳಿಗೆ ಇದೇ ಗತಿ. ಜೇಬುಗಳನ್ನೂ ನೋಡಿದೆ: ಹುಣಸೆಬೀಜ, ಬಣ್ಣದ ಸೀಮೆಸುಣ್ಣದ ತುಂಡು, ಗಟ್ಟಿಯಾದ ಬೆಲ್ಲದ ಚೂರು. ಇಡೀ ನಾಲ್ಕನೆಯ ತರಗತಿ ಭಾಗಾಕಾರಕ್ಕೆ ಕುಳಿತು ಒಟ್ಟಾಗಿ ಉಣ್ಣೆ ತಿನ್ನುತ್ತಿದೆ, ಹದಿನಾಲ್ಕು ಕಲಮುಗಳಲ್ಲಿ ಭಾಗಾಕಾರದ ಬಗ್ಗೆ ಒಂದು ಸಾಲೂ ಇಲ್ಲ!

ಉಣ್ಣೆ ಎಂದೆನಲ್ಲ, ಅದೂ ಸುಳ್ಳು. ಇವು ಯಾವ ಕುರಿಯನ್ನೂ ಕಂಡ ಬಟ್ಟೆಗಳಲ್ಲ. ಕಾರ್ಖಾನೆಯ ಅಕ್ರಿಲಿಕ್ ದಾರ. ಹಾವೇರಿ ಜಿಲ್ಲೆಯ ಮೆಡ್ಲೇರಿಯ ಕಡೆಯಿಂದ ತಂದ ಕರಿಯ ಕಂಬಳಿ ನಮ್ಮ ತಂದೆಯ ಬಳಿ ಇತ್ತು. ಕಂಬಳಿಯ ವಾಸನೆ ಊರಿಗೆಲ್ಲ ಒಂದೇ, ಆದರೂ ಅದನ್ನು ಯಾರೂ ತಪ್ಪಿ ಒಯ್ದದ್ದಿಲ್ಲ. ಅದಕ್ಕೆ ಪಟ್ಟಿ ಹೊಲಿಸಿರಲಿಲ್ಲ, ಗಡುವು ಇರಲಿಲ್ಲ, ಯಾರೂ ಯಾರನ್ನೂ ಹೊಣೆಯಲ್ಲ ಎಂದು ಬೆದರಿಸಿರಲಿಲ್ಲ.

‘ಯಾವುದಾದರೂ ಒಂದು ಒಯ್ಯಿರಿ, ಮುಂದಿನ ವರ್ಷಕ್ಕೆ ಹೇಗೂ ಬರುವುದಿಲ್ಲ’ ಎಂದು ಸಿಪಾಯಿ ತಾನೇ ಒಂದನ್ನು ಎತ್ತಿ ಕೈಗಿತ್ತ. ಮಾತು ಸರಿಯೇ. ಆದರೆ ರಜಿಸ್ಟರಿನಲ್ಲಿ ‘ನನ್ನ ಮಗುವಿನ ಸ್ವೆಟರ್ ದೊರೆಯಿತು’ ಎಂದು ಅಚ್ಚಾಗಿತ್ತು, ಅದರ ಮುಂದೆ ಸಹಿ ಬೇಕು. ಖಚಿತವಿಲ್ಲದ ಸಂಗತಿಗೆ ಸಹಿ ಹಾಕಿ ಗೊತ್ತಿಲ್ಲದವನು ನಾನು. ಅಚ್ಚಾದ ಸಾಲನ್ನು ಹೊಡೆದುಹಾಕಿ ‘ಒಂದು ಸ್ವೆಟರ್ ದೊರೆಯಿತು’ ಎಂದು ತಿದ್ದಿ, ತಿದ್ದುಪಡಿಯ ಪಕ್ಕದಲ್ಲಿ ಚುಟುಕು ಸಹಿ ಹಾಕಿ, ಕೆಳಗೆ ಪೂರ್ಣ ಸಹಿ ಹಾಕಿ, ದಿನಾಂಕ ಬರೆದೆ. ಹಿಂದೆ ನಿಂತಿದ್ದವರು ನಿಟ್ಟುಸಿರು ಬಿಟ್ಟರು. ಬಿಡಲಿ. ಮೊಮ್ಮಗಳು ಅದನ್ನು ನೋಡಿ ‘ಇದು ನನ್ನದಲ್ಲ, ಇದರ ರುಚಿಯೇ ಬೇರೆ’ ಎಂದಳು.

ಉಳಿದ ಕಲಮುಗಳಿಗೆ ಬರುತ್ತೇನೆ. ಎಂಟನೆಯದು ಹೋಳಿಯದು: ‘ಬಣ್ಣ ಆಡಿಕೊಂಡು ಬಂದ ಮಕ್ಕಳನ್ನು ಒಳಗೆ ಬಿಡಲಾಗುವುದಿಲ್ಲ.’ ಯಾವ ದಿನದ ಬಣ್ಣ ಎಂದು ಬರೆದಿಲ್ಲ. ಹುಬ್ಬಳ್ಳಿಯಲ್ಲಿ ರತಿ-ಕಾಮರನ್ನು ಕೂರಿಸಿ, ಹಲಗೆ ಬಾರಿಸಿ, ಹುಣ್ಣಿಮೆ ಕಳೆದ ಐದನೆಯ ದಿನಕ್ಕೆ ರಂಗಪಂಚಮಿ. ಧಾರವಾಡದ ಓಣಿಗಳಲ್ಲಿ ಅಷ್ಟು ದಿನ ಕಾಯುವ ತಾಳ್ಮೆ ಇಲ್ಲ. 1962ರಲ್ಲಿ ಎರಡೂ ಊರು ಸೇರಿಸಿ ಒಂದೇ ಮಹಾನಗರಪಾಲಿಕೆ ಮಾಡಿದರು, ಬಣ್ಣದ ದಿನವನ್ನು ಸೇರಿಸಲು ಆಗಲಿಲ್ಲ; ಈಗಂತೂ ಧಾರವಾಡಕ್ಕೆ ಬೇರೆ ಪಾಲಿಕೆ ಎಂದು 2025ರಲ್ಲಿ ಸಚಿವ ಸಂಪುಟವೇ ತೀರ್ಮಾನಿಸಿದೆ. ಹುಬ್ಬಳ್ಳಿಯ ಅತ್ತೆಯ ಮನೆಗೆ ಹೋಗುವ ಮಗು ಎರಡು ಸಲ ಬಣ್ಣ ಆಡುತ್ತದೆ, ಎರಡು ಸಲ ಕಿವಿಯ ಹಿಂದೆ ನೇರಳೆ ಉಳಿಸಿಕೊಂಡು ಬರುತ್ತದೆ. ಅದನ್ನು ಹೊರಗೆ ನಿಲ್ಲಿಸಿದರೆ ಬಣ್ಣ ಹೋಗುತ್ತದೆಯೇ?

ಐದನೆಯ ಕಲಮು ಒಂದನೆಯ ತರಗತಿಯ ದಾಖಲಾತಿಯದು. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕಂತೆ. 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳು ಸಾಕೆಂದು ಸರಕಾರ ಸಡಿಲಿಸಿತು. ಅಷ್ಟು ಹೊತ್ತಿಗೆ ನಮ್ಮ ಓಣಿಯ ತಾಯಂದಿರು ಒಬ್ಬರಿಗೊಬ್ಬರು ಮಕ್ಕಳ ಜನ್ಮಪತ್ರ ತೋರಿಸಿಕೊಂಡು ಸುಸ್ತಾಗಿದ್ದರು. ‘ಹೆರುವಾಗ ಜೂನ್ ಒಂದರ ಲೆಕ್ಕ ಯಾರು ಇಟ್ಟಿದ್ದರು?’ ಎಂದು ಎದುರುಮನೆಯಾಕೆ ಕೇಳಿದ ಪ್ರಶ್ನೆಗೆ ಯಾವ ಇಲಾಖೆಯೂ ಉತ್ತರ ಕೊಡಲಾರದು.

ಪರೀಕ್ಷೆಯ ಕಲಮನ್ನು ಮಾತ್ರ ನಾನು ಎರಡು ಸಲ ಓದುತ್ತೇನೆ. 2024ರಲ್ಲಿ ದೊಡ್ಡ ಮೊಮ್ಮಗ ಐದನೆಯ ತರಗತಿಯಲ್ಲಿದ್ದ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಐದು, ಎಂಟು, ಒಂಬತ್ತಕ್ಕೆ ಬೋರ್ಡ್ ಪರೀಕ್ಷೆ ಎಂದಿದ್ದರು. ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಬೇಡವೆಂದಿತು. ಮರುದಿನವೇ ವಿಭಾಗೀಯ ಪೀಠ ನಡೆಯಲಿ ಎಂದಿತು. 11ಕ್ಕೆ ಪರೀಕ್ಷೆ ಆರಂಭವಾಯಿತು, 12ಕ್ಕೆ ಸುಪ್ರೀಂ ಕೋರ್ಟ್ ತಡೆಯಿತು. 22ಕ್ಕೆ ಹೈಕೋರ್ಟ್ ಮತ್ತೆ ಒಪ್ಪಿತು, 25ರಿಂದ ಉಳಿದ ವಿಷಯಗಳು ನಡೆದವು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶವನ್ನೇ ತಡೆಹಿಡಿಯಿತು. ಪ್ರತಿ ತಿರುವಿಗೂ ಒಂದು ‘ಪಾಲಕರ ಗಮನಕ್ಕೆ’. ಹುಡುಗ ಪುಸ್ತಕ ಮುಚ್ಚಿಟ್ಟು ದೂರದರ್ಶನದ ಪರದೆಯ ಕೆಳಗೆ ಓಡುವ ಸಾಲುಗಳನ್ನು ಓದತೊಡಗಿದ. ಅವನ ಓದಿನ ವೇಗ ಸುಧಾರಿಸಿದ್ದು ಆಗಲೇ. ಹತ್ತು ವರ್ಷದ ಮಗುವಿನ ಪರಿಸರ ಅಧ್ಯಯನದ ಪರೀಕ್ಷೆಯನ್ನು ದೆಹಲಿಯವರೆಗೆ ಎಳೆದವರಲ್ಲಿ ಒಬ್ಬರಾದರೂ ಒಂದು ದಿನ ಆ ಮಗುವನ್ನು ನಮ್ಮ ಮನೆಯಲ್ಲಿ ಓದಿಸಲು ಕುಳಿತುಕೊಳ್ಳಬೇಕಾಗಿತ್ತು.

ಈ ಸಲದ ಸೂಚನೆಯಂತೆ ಏಪ್ರಿಲ್ 10ಕ್ಕೆ ಫಲಿತಾಂಶ, 11ರಿಂದ ಮೇ 28ರವರೆಗೆ ಬೇಸಿಗೆ ರಜೆ. ಅಲ್ಲಿಗೆ ಸೂಚನೆಗಳಿಗೂ ರಜೆ ಎಂದು ತಿಳಿಯುವವರು ‘ಬೇಸಿಗೆ ಶಿಬಿರ’ದ ಹನ್ನೆರಡನೆಯ ಕಲಮನ್ನು ಓದಿಲ್ಲ ಎಂದರ್ಥ. ನಾನೂ ಪೂರ್ತಿ ಓದಲಿಲ್ಲ. ಅದರಲ್ಲಿ ಶುಲ್ಕದ ಅಂಕಿ ಇತ್ತು.

ಹದಿಮೂರನೆಯದನ್ನು ಓದಲೇಬೇಕಾಯಿತು, ಏಕೆಂದರೆ ಅದರಲ್ಲಿ ನಾನೇ ಇದ್ದೆ. ‘ಮನೆಯ ಹಿರಿಯರೊಬ್ಬರ ಸಂದರ್ಶನ ಮಾಡಿ ಸೋಮವಾರ ಸಲ್ಲಿಸತಕ್ಕದ್ದು. ಭಾವಚಿತ್ರ ಕಡ್ಡಾಯ.’ ಭಾನುವಾರ ಮಧ್ಯಾಹ್ನ ಮೊಮ್ಮಗಳು ಪಟ್ಟಿಪುಸ್ತಕ ಹಿಡಿದು ಎದುರಿಗೆ ಕುಳಿತಳು. ‘ನಿಮ್ಮ ಬಾಲ್ಯದ ಮರೆಯಲಾಗದ ಹಬ್ಬ ಯಾವುದು? ಐದು ಸಾಲು.’ ಹೇಳತೊಡಗಿದೆ. ಕಾಮಣ್ಣನ ಸುಡಲು ಹುಡುಗರೆಲ್ಲ ರಾತ್ರಿ ಗುಂಪು ಕಟ್ಟಿಕೊಂಡು ಕುಳ್ಳು, ಕಟ್ಟಿಗೆ ಕದಿಯಲು ಹೊರಟದ್ದು. ಹಿತ್ತಿಲಿನ ಗೋಡೆ ಹಾರಿದ್ದು. ಹಳೆಯ ಬಾಗಿಲೊಂದು ಗೋಡೆಗೆ ಒರಗಿಸಿದ್ದನ್ನು ನಾಲ್ವರು ಹೊತ್ತುಕೊಂಡು ಬಂದದ್ದು. ಬೆಂಕಿ ಹತ್ತಿದ ಮೇಲೆ ಬೆಳಕಿನಲ್ಲಿ ಅದರ ಮೇಲಿನ ಹೆಸರು ಕಂಡದ್ದು, ಅದು ನಮ್ಮ ಹೆಡ್‌ಮಾಸ್ತರರದಾಗಿದ್ದದ್ದು. ಅವರು ಮರುದಿನ ಬಂದು ಬೂದಿಯನ್ನು ಹಣೆಗೆ ಹಚ್ಚಿಕೊಂಡು ಏನೂ ಅನ್ನದೆ ಹೋದದ್ದು, ಅದರ ಮರುದಿನ ತರಗತಿಯಲ್ಲಿ ನಮ್ಮ ನಾಲ್ವರನ್ನೇ ಆರಿಸಿ ಹದಿನೇಳರ ಮಗ್ಗಿ ಕೇಳಿದ್ದು.

ಅವಳು ಪೆನ್ಸಿಲ್ ಎತ್ತಿ ಹಿಡಿದು ಕೇಳುತ್ತಿದ್ದಳು. ಕೊನೆಗೆ ಬರೆದದ್ದನ್ನು ತೋರಿಸಿದಳು: ‘ನಮ್ಮ ಅಜ್ಜನವರು ಹೋಳಿ ಹಬ್ಬಕ್ಕೆ ಕಟ್ಟಿಗೆ ಸಂಗ್ರಹಿಸುತ್ತಿದ್ದರು. ಅವರಿಗೆ ಹೆಡ್‌ಮಾಸ್ತರರು ಸಹಕರಿಸುತ್ತಿದ್ದರು.’

ಇವಳಿಗೆ ನಮ್ಮ ಕಚೇರಿಯಲ್ಲಿ ಒಳ್ಳೆಯ ಭವಿಷ್ಯವಿತ್ತು. ಇನ್ನೂ ಮೂರು ಸಾಲು ಉಳಿದಿವೆಯಲ್ಲ ಎಂದೆ. ಅಲ್ಲಿ ಭಾವಚಿತ್ರ ಅಂಟಿಸುತ್ತೇನೆ ಎಂದು ಹೇಳಿ, ಮುಂದಿನ ಪ್ರಶ್ನೆಗೆ ಹೋದಳು: ‘ನಿಮ್ಮ ರಕ್ತದ ಗುಂಪು ಯಾವುದು?’