ಉಪನಗರ ರೈಲಿಗೆ ಹೆಚ್ಚುವರಿ ಹೊಣೆಯ ಯಜಮಾನರು, ನಮಗೆ ಪೂರ್ಣಾವಧಿ ಟ್ರಾಫಿಕ್ಕು

ಬೆಂಗಳೂರು ಉಪನಗರ ರೈಲು ಈಗ 2030ಕ್ಕೆ ಬರುತ್ತದೆಯಂತೆ. ಇನ್ನು ಯಾರಾದರೂ ನನ್ನ ಮುಂದೆ ಈ ಯೋಜನೆಯ ಗಡುವು ಹೇಳಿದರೆ ನಾನು ಮರ್ಯಾದೆ ಮರೆಯುವುದು ಖಂಡಿತ. ಗಡುವು ಹೇಳುವುದಕ್ಕೆ ಯಾರಿಗೂ ಒಂದು ಪೈಸೆ ಖರ್ಚಿಲ್ಲ. ಆ ಗಡುವನ್ನು ನಂಬಿ ಊರಾಚೆ ಮನೆ ಮಾಡಿದವರು, ಸಾಲದ ಕಂತು ಕಟ್ಟುತ್ತಿರುವವರು, ಬೆಳಿಗ್ಗೆ ಮಕ್ಕಳು ಏಳುವ ಮುನ್ನ ಹೊರಟು ರಾತ್ರಿ ಅವರು ಮಲಗಿದ ಮೇಲೆ ಮನೆ ಸೇರುವವರು ಖರ್ಚಾಗುತ್ತಿದ್ದಾರೆ.

ನನ್ನ ಮನೆ ಚಿಕ್ಕಬಾಣಾವರದಲ್ಲಿ, ಕೆಲಸ ಬಾಣಸವಾಡಿಯಲ್ಲಿ. ನಕ್ಷೆ ತೆಗೆದು ನೋಡಿದರೆ ನನ್ನಷ್ಟು ಪುಣ್ಯವಂತ ಈ ನಗರದಲ್ಲಿ ಇಲ್ಲ. ಉಪನಗರ ರೈಲಿನ ಎರಡನೆಯ ಕಾರಿಡಾರ್ ಚಿಕ್ಕಬಾಣಾವರದಲ್ಲಿ ಹೊರಟು ಶೆಟ್ಟಿಹಳ್ಳಿ, ಜಾಲಹಳ್ಳಿ, ಯಶವಂತಪುರ, ಲೊಟ್ಟೆಗೊಲ್ಲಹಳ್ಳಿ, ಹೆಬ್ಬಾಳ, ನಾಗವಾರ, ಬಾಣಸವಾಡಿ ದಾಟಿ ಬೈಯಪ್ಪನಹಳ್ಳಿ ಸೇರುತ್ತದೆ. ಒಟ್ಟು 25 ಕಿಲೋಮೀಟರ್, 14 ನಿಲ್ದಾಣ. ನನಗೆಂದೇ ಗೆರೆ ಎಳೆದ ಹಾಗಿದೆ. ನಕ್ಷೆ ಮಡಚಿಟ್ಟು ಹೊರಗೆ ಬಂದರೆ ಹೆಸರಘಟ್ಟ ರಸ್ತೆಯಲ್ಲಿ ಬಸ್ಸಿಗೆ ಕಾಯಬೇಕು, ಜಾಲಹಳ್ಳಿ ಕ್ರಾಸಿನಲ್ಲಿ ಬಸ್ ಬದಲಿಸಬೇಕು, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಜಪ ಮಾಡಬೇಕು, ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ ಆ ಜಪವನ್ನೂ ಬಿಟ್ಟು ಬೈಯಬೇಕು. ರೈಲು ಹಳಿ ಎಲ್ಲಿದೆ ಎಂದು ಕೇಳಬೇಡಿ. ಅದು ಇದೆ. ಅದೇ ಜಾಗದಲ್ಲಿ ಹಳೆಯ ಹಳಿ ದಶಕಗಳಿಂದಲೂ ಇದೆ. ಅದರ ಮೇಲೆ ದೂರದೂರಿನ ಎಕ್ಸ್‌ಪ್ರೆಸ್‌ಗಳು, ಗೂಡ್ಸ್‌ ಗಾಡಿಗಳು ಓಡಾಡುತ್ತವೆ. ಊರಿನವರಿಗೆ ಮಾತ್ರ ಗಾಡಿಯಿಲ್ಲ.

ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆ ಕಡೆಯಿಂದ ದಂಡು ಪ್ರದೇಶಕ್ಕೆ. ಮದ್ರಾಸಿನಲ್ಲಿ ಬೀಚ್‌ನಿಂದ ತಾಂಬರಂಗೆ ವಿದ್ಯುತ್ ಲೋಕಲ್ ರೈಲು ಓಡಿದ್ದು 1931ರಲ್ಲಿ. ನಮ್ಮಲ್ಲಿ ಅಂಥ ರೈಲು ಬೇಕು ಎಂಬ ವರದಿ 1983ರಷ್ಟು ಹಳೆಯದು. ಆ ವರದಿ ಬಂದಾಗ ಹುಟ್ಟಿದ ಮಗುವಿನ ಕೂದಲು ಈಗ ನರೆಯುತ್ತಿದೆ. 2016ರಲ್ಲಿ ನಾಗರಿಕರು ‘ಚುಕುಬುಕು ಬೇಕು’ ಎಂದು ಬೀದಿಗಿಳಿದರು. 2018ರ ಕೇಂದ್ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ಸುಮಾರು 160 ಕಿಲೋಮೀಟರಿಗೆ 17,000 ಕೋಟಿ ರೂಪಾಯಿ ಎಂದರು. 2020ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ 148 ಕಿಲೋಮೀಟರಿಗೆ 18,600 ಕೋಟಿ ಎಂದರು. ಅದೇ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ 15,767 ಕೋಟಿಗೆ ಒಪ್ಪಿಗೆ ಕೊಟ್ಟು ಆರು ವರ್ಷದಲ್ಲಿ ಮುಗಿಸಿ ಎಂದಿತು. 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿ, ನಲವತ್ತು ವರ್ಷದಿಂದ ನೆನೆಗುದಿಗೆ ಬಿದ್ದದ್ದನ್ನು ನಲವತ್ತು ತಿಂಗಳಲ್ಲಿ ಮಾಡುವ ಮಾತಾಡಿದರು. ಬೆರಳು ಮಡಚಿ ಎಣಿಸಿದರೆ ಆ ನಲವತ್ತು ತಿಂಗಳು 2025ರ ಅಕ್ಟೋಬರಿಗೆ ಮುಗಿಯುತ್ತವೆ. ಮುಗಿದವು. ಒಂದೇ ಒಂದು ಕಿಲೋಮೀಟರಿನಲ್ಲಿ ಒಬ್ಬನೇ ಒಬ್ಬ ಪ್ರಯಾಣಿಕ ಕೂತಿರಲಿಲ್ಲ.

ಹೆಸರುಗಳಿಗೆ ಮಾತ್ರ ಬರವಿಲ್ಲ. ನಾಲ್ಕು ಕಾರಿಡಾರ್‌ಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ನನ್ನ ಸಿಟ್ಟು ತಡವಾದದ್ದಕ್ಕೆ ಅಷ್ಟಾಗಿ ಅಲ್ಲ. ಈ ದೇಶದಲ್ಲಿ ಯಾವ ಕಾಮಗಾರಿ ಹೇಳಿದ ದಿನಕ್ಕೆ ಮುಗಿದಿದೆ? ಇಷ್ಟು ದೊಡ್ಡ ಕೆಲಸಕ್ಕೆ ವರ್ಷಗಟ್ಟಲೆ ಒಬ್ಬ ಪೂರ್ಣಾವಧಿ ಯಜಮಾನನನ್ನೇ ಕೂರಿಸಲಿಲ್ಲವಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೆ. ಯೋಜನೆ ಕೆ-ರೈಡ್ ಎಂಬ ಕಂಪನಿಯ ಕೈಯಲ್ಲಿದೆ. ಅದರಲ್ಲಿ ರಾಜ್ಯದ ಪಾಲು ಶೇಕಡ 51, ರೈಲ್ವೆ ಸಚಿವಾಲಯದ್ದು ಶೇಕಡ 49. ಇದರ ವ್ಯವಸ್ಥಾಪಕ ನಿರ್ದೇಶಕರು ರೈಲ್ವೆಯ ತಾಂತ್ರಿಕ ಹಿನ್ನೆಲೆಯವರಾಗಿರಬೇಕು, ಪೂರ್ಣಾವಧಿಯವರಾಗಿರಬೇಕು ಎಂದು ನಾಗರಿಕ ಸಂಘಟನೆಗಳು ಗಂಟಲು ಹರಿದುಕೊಂಡವು, ರೈಲ್ವೆ ಸಚಿವಾಲಯವೂ ಹೇಳಿತು. ಆದರೂ ರೈಲ್ವೆಯಿಂದ ಬಂದಿದ್ದ ಅಧಿಕಾರಿ ಹೊರಟ ಮೇಲೆ ಆ ಕುರ್ಚಿ ಐಎಎಸ್ ಅಧಿಕಾರಿಗಳ ‘ಹೆಚ್ಚುವರಿ ಹೊಣೆ’ಯಾಯಿತು. ಅಂದರೆ ಅವರ ಮೇಜಿನ ಮೇಲೆ ಇನ್ನೊಂದು ಇಲಾಖೆಯ ಕಡತಗಳು ರಾಶಿ ಬಿದ್ದಿರುತ್ತವೆ, ಅವುಗಳ ನಡುವೆ ಬಿಡುವಾದಾಗ 148 ಕಿಲೋಮೀಟರ್ ರೈಲು. ಆ ಅಧಿಕಾರಿಗಳು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಎರಡು ಮದುವೆಮನೆಗೆ ಒಬ್ಬನೇ ಪುರೋಹಿತನನ್ನು ಒಂದೇ ಮುಹೂರ್ತಕ್ಕೆ ಕರೆದವರನ್ನು ಕೇಳುತ್ತಿದ್ದೇನೆ.

ಯಜಮಾನ ಯಾಕೆ ಬೇಕು ಎನ್ನುವವರು ಈ ಕೆಲಸ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಒಮ್ಮೆ ನೋಡಲಿ. ಹೊಸ ಹಳಿಯ ಪಕ್ಕದಲ್ಲೇ ಓಡುವ ಹಳಿ ನೈರುತ್ಯ ರೈಲ್ವೆಯದು. ಒಂದು ಕಂಬ ನೆಡಲು, ಒಂದು ಸೇತುವೆ ಅಗಲಿಸಲು, ಒಂದು ನಿಲ್ದಾಣದ ವಿನ್ಯಾಸಕ್ಕೆ ಅವರ ಸಹಿ ಬೇಕು. ವಿದ್ಯುತ್ ತಂತಿ ಸರಿಸಲು ಬೆಸ್ಕಾಂ ಬಾಗಿಲು, ನೀರಿನ ಕೊಳವೆ ಸರಿಸಲು ಜಲಮಂಡಳಿ ಬಾಗಿಲು, ಮರದ ವಿಷಯಕ್ಕೆ ಅರಣ್ಯಾಧಿಕಾರಿ, ಅಲ್ಲಿಂದ ಹೈಕೋರ್ಟು. ಖಾಸಗಿ ಜಾಗಕ್ಕೆ ಭೂಸ್ವಾಧೀನಾಧಿಕಾರಿ. ಶೇಕಡ 60ರಷ್ಟು ಹಣ ಸಾಲ. ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕು, ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕು ತಮ್ಮ ಷರತ್ತು ಹಿಡಿದು ಕೂತಿರುತ್ತವೆ. ಈ ಬಾಗಿಲುಗಳನ್ನೆಲ್ಲ ದಿನಾ ತಟ್ಟುವವನು, ತೆರೆಯದಿದ್ದರೆ ಅಲ್ಲೇ ಪಟ್ಟು ಹಿಡಿದು ಕೂರುವವನು ಬೇಕು. ವಾರಕ್ಕೊಮ್ಮೆ ಪರಿಶೀಲನಾ ಸಭೆ ನಡೆಸಿ, ಟೀ ಬಿಸ್ಕತ್ತು ಮುಗಿಸಿ ಎದ್ದು ಹೋಗುವವರಿಂದ ಇದು ಆಗುವುದಿಲ್ಲ.

ಆಗಲಿಲ್ಲ ಕೂಡ. ಎರಡನೆಯ ಕಾರಿಡಾರ್‌ನ ಸಿವಿಲ್ ಕಾಮಗಾರಿಯನ್ನು 2022ರಲ್ಲಿ ಎಲ್ ಅಂಡ್ ಟಿ ಕಂಪನಿಗೆ ಸುಮಾರು 860 ಕೋಟಿಗೆ ಕೊಟ್ಟರು. ಎರಡು ವರ್ಷ ಚಿಲ್ಲರೆಯಲ್ಲಿ ಮುಗಿಯಬೇಕಿತ್ತು. 2023ರ ಕೊನೆಯಲ್ಲಿ ಹೀಲಲಿಗೆಯಿಂದ ರಾಜಾನುಕುಂಟೆವರೆಗಿನ ನಾಲ್ಕನೆಯ ಕಾರಿಡಾರ್‌ನ ಕೆಲಸವೂ ಅವರ ಪಾಲಿಗೆ ಬಂತು. 2025ರಲ್ಲಿ ಅವರು ಎರಡೂ ಗುತ್ತಿಗೆಗಳಿಂದ ಕೈತೊಳೆದುಕೊಂಡರು. ಜಾಗ ಬಿಡಿಸಿಕೊಡಲಿಲ್ಲ ಎಂದು ಗುತ್ತಿಗೆದಾರರು, ಒಪ್ಪಂದ ಮುರಿದರು ಎಂದು ಕೆ-ರೈಡ್. ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಯಾರು ಸರಿ ಎಂದು ನ್ಯಾಯಾಧೀಶರು ಹೇಳಲಿ. ನಾನು ಕೇಳುವುದು ಇಷ್ಟೇ: ಈ ಕಾರಿಡಾರ್‌ಗೆ ಬೇಕಾದ ಜಾಗದ ಬಹುಪಾಲು ರೈಲ್ವೆಯದೇ. ಕಂಪನಿಯಲ್ಲಿ ಅರ್ಧಕ್ಕೆ ಹತ್ತಿರದ ಪಾಲುದಾರರೂ ರೈಲ್ವೆಯವರೇ. ತಮ್ಮದೇ ಕಂಪನಿಗೆ ತಮ್ಮದೇ ಜಾಗ ಬಿಡಿಸಿಕೊಡಲು ಮೂರು ವರ್ಷ ಸಾಲದೆ? ಹಾಗಿದ್ದ ಮೇಲೆ ಟೆಂಡರ್ ಕರೆದದ್ದು ಯಾವ ಧೈರ್ಯದಿಂದ?

ಕೊನೆಗೂ 2025ರಲ್ಲಿ ರೈಲ್ವೆ ಹಿನ್ನೆಲೆಯ ಪೂರ್ಣಾವಧಿ ಎಂ.ಡಿ. ಬಂದರು. ಸಂತೋಷ. ಆದರೆ ಬಂದವರ ಕೈಗೆ ಸಿಕ್ಕಿದ್ದೇನು? ಗುತ್ತಿಗೆದಾರರಿಲ್ಲದ ಎರಡು ಕಾರಿಡಾರ್‌ಗಳು, ಕಾಮಗಾರಿಯೇ ಶುರುವಾಗದ ಇನ್ನೆರಡು. ವಿಮಾನ ನಿಲ್ದಾಣಕ್ಕೆ, ದೇವನಹಳ್ಳಿಗೆ ಹೋಗಬೇಕಾದ ಸಂಪಿಗೆ ಎಲ್ಲಕ್ಕಿಂತ ಮೊದಲು ಬರಬೇಕಾದ ಮಾರ್ಗವಾಗಿತ್ತು. ಅದು ಇನ್ನೂ ಕಾಗದದಲ್ಲೇ ಇದೆ. ವಿಮಾನ ನಿಲ್ದಾಣದ ಹೊರಗೆ 2021ರ ಜನವರಿಯಿಂದ ಒಂದು ಪುಟ್ಟ ಹಾಲ್ಟ್ ಸ್ಟೇಷನ್ ಇದೆ. ದಿನಕ್ಕೆ ಬೆರಳೆಣಿಕೆಯ ಗಾಡಿಗಳು, ವಿಮಾನದ ಹೊತ್ತಿಗೂ ಅವಕ್ಕೂ ಸಂಬಂಧವಿಲ್ಲ.

ಮುಂದಾಳು ಎಂದರೆ ಏನು ಎಂಬುದಕ್ಕೆ ಹೊರದೇಶದ ಉದಾಹರಣೆ ಬೇಕಿಲ್ಲ, ಕಾರವಾರ, ಹೊನ್ನಾವರ, ಉಡುಪಿಗೆ ಹೋಗಿ ಬನ್ನಿ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ ಕೊಂಕಣ ರೈಲ್ವೆಗೆಂದೇ 1990ರಲ್ಲಿ ನಿಗಮ ಮಾಡಿದರು. ಆಗಷ್ಟೇ ರೈಲ್ವೆಯಿಂದ ನಿವೃತ್ತರಾಗಿದ್ದ ಇ. ಶ್ರೀಧರನ್ ಅವರನ್ನು ಕರೆತಂದು ಕೂರಿಸಿದರು. ಸಚಿವರು ಬದಲಾದರು, ಪ್ರಧಾನಿಗಳೇ ಬದಲಾದರು, ಕುರ್ಚಿಯಲ್ಲಿದ್ದವರು ಬದಲಾಗಲಿಲ್ಲ. ಸಹ್ಯಾದ್ರಿಯ ಬುಡದಲ್ಲಿ 90ಕ್ಕೂ ಹೆಚ್ಚು ಸುರಂಗ ಕೊರೆದು, ಶರಾವತಿಯ ಮೇಲೆ ಎರಡು ಕಿಲೋಮೀಟರ್ ಉದ್ದದ ಸೇತುವೆ ಕಟ್ಟಿ, ಸುಮಾರು 740 ಕಿಲೋಮೀಟರ್ ಮಾರ್ಗವನ್ನು 1998ರ ಜನವರಿಯಲ್ಲಿ ಪೂರ್ತಿ ತೆರೆದರು. ಆ ಮಳೆಗೆ, ಕುಸಿಯುವ ಆ ಜೇಡಿಮಣ್ಣಿಗೆ ಹೋಲಿಸಿದರೆ ಲೊಟ್ಟೆಗೊಲ್ಲಹಳ್ಳಿಯಲ್ಲಿ ಅಂಥ ಯಾವ ಪರ್ವತವಿದೆ? ಅದು ಹಳೆಯ ಮಾತಾಯಿತು ಎನ್ನುವವರು ದೆಹಲಿ–ಮೀರತ್ ನಡುವಿನ ಪ್ರಾದೇಶಿಕ ರೈಲನ್ನು ನೋಡಲಿ. 2019ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ, ನಡುವೆ ಕೊರೊನಾ, ಆದರೂ 2023ರ ಅಕ್ಟೋಬರ್‌ನಲ್ಲಿ ಮೊದಲ 17 ಕಿಲೋಮೀಟರಿನಲ್ಲಿ ಜನ ಓಡಾಡಿದರು. ಅಲ್ಲೂ ಕೇಂದ್ರದ ಜತೆಗೆ ಒಂದಕ್ಕಿಂತ ಹೆಚ್ಚು ರಾಜ್ಯಗಳು ಪಾಲುದಾರರು, ಅಲ್ಲೂ ರಾಜಕೀಯ ಇತ್ತು.

ನಮ್ಮಲ್ಲಿ ರಾಜಕೀಯಕ್ಕೆ ಮಾತ್ರ ಸಮಯ ಸಿಗುತ್ತದೆ. ರಾಜ್ಯದ ಮೂಲಸೌಕರ್ಯ ಸಚಿವ ಎಂ.ಬಿ. ಪಾಟೀಲರು ರೈಲ್ವೆಯ ಕಡೆ ಬೆರಳು ತೋರಿಸುತ್ತಾರೆ. ಕೇಂದ್ರದ ರೈಲ್ವೆ ರಾಜ್ಯ ಸಚಿವ ವಿ. ಸೋಮಣ್ಣನವರು ರಾಜ್ಯದ ಕಡೆ ಬೆರಳು ತೋರಿಸುತ್ತಾರೆ. ಇಬ್ಬರೂ ಕರ್ನಾಟಕದವರು, ಇಬ್ಬರಿಗೂ ಕನ್ನಡ ಬರುತ್ತದೆ. ಒಂದು ಕೋಣೆಯಲ್ಲಿ ಕೂತು ಇತ್ಯರ್ಥ ಮಾಡಿಕೊಂಡು ಎದ್ದು ಬರುವುದಕ್ಕೆ ದುಭಾಷಿಯೂ ಬೇಕಿಲ್ಲ. ಅದರ ಬದಲಿಗೆ ಹೊಸ ಹೊಸ ಯೋಜನೆಗಳ ಘೋಷಣೆ. ಈ 148 ಕಿಲೋಮೀಟರ್ ಓಡುವುದಕ್ಕೆ ಮುಂಚೆಯೇ ಬೆಂಗಳೂರಿನ ಸುತ್ತ 287 ಕಿಲೋಮೀಟರಿನ ವರ್ತುಲ ರೈಲಂತೆ. ಮಾಡಲಿ, ಯಾರು ಬೇಡ ಎಂದರು? ಆದರೆ ಕಟ್ಟುವವರು ಇದೇ ವೇಗದವರಾದರೆ ಅದನ್ನು ನೋಡಲು ನನ್ನ ಮೊಮ್ಮಕ್ಕಳ ಆಯುಷ್ಯ ಗಟ್ಟಿಯಿರಬೇಕು.

ಇನ್ನು ದುಡ್ಡಿಲ್ಲ ಎಂಬ ಮಾತಂತೂ ಬೇಡವೇ ಬೇಡ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ 17 ಕಿಲೋಮೀಟರಿಗೂ ಕಡಿಮೆ ಉದ್ದದ ಸುರಂಗ ರಸ್ತೆಗೆ 17,000 ಕೋಟಿ ರೂಪಾಯಿ ಮೀರಿದ ಅಂದಾಜು ಹಾಕಿದ್ದಾರೆ. ನಾಲ್ಕು ದಿಕ್ಕಿಗೂ ಹರಡುವ ಇಡೀ ಉಪನಗರ ರೈಲಿಗೆ ಮಂಜೂರಾದದ್ದು ಅದಕ್ಕಿಂತ ಕಡಿಮೆ. ಕಾರಿರುವವನಿಗೆ ಸುಂಕ ಕೊಟ್ಟು ನೆಲದಡಿ ಓಡಲು ಇರುವ ಆತುರದಲ್ಲಿ ಕಾಲು ಭಾಗ ಪಾಸ್ ಹಿಡಿದು ನಿಲ್ಲುವವನ ಮೇಲೆ ಇದ್ದಿದ್ದರೆ ನಾನು ಇದನ್ನು ಬರೆಯುವ ಹೊತ್ತಿಗೆ ರೈಲಿನಲ್ಲಿ ಕೂತಿರುತ್ತಿದ್ದೆ.

ಮೆಟ್ರೊ ಇದೆಯಲ್ಲ ಎನ್ನುವ ಜಾಣರಿಗೂ ಒಂದು ಮಾತು. ಮೆಟ್ರೊ ಒಳ್ಳೆಯದೇ. ಆದರೆ ಚಿಕ್ಕಬಾಣಾವರಕ್ಕೆ ಇಲ್ಲ, ರಾಜಾನುಕುಂಟೆಗೆ ಇಲ್ಲ, ಹೀಲಲಿಗೆಗೆ ಇಲ್ಲ. ಮೇಲಾಗಿ 2025ರಲ್ಲಿ ಏರಿಸಿದ ದರ ನೋಡಿದ ಮೇಲೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಅತ್ತ ತಲೆ ಹಾಕುವುದನ್ನೇ ಬಿಟ್ಟಿದ್ದಾರೆ.

ಒಮ್ಮೆ ತಡೆಯಲಾರದೆ ಒಂದು ಕಚೇರಿಗೆ ಫೋನ್ ಮಾಡಿದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಫೋನ್ ಎತ್ತಿದ ಬಡಪಾಯಿಯ ಕೆಲಸಕ್ಕೆ ಸಂಚಕಾರ ಬೇಡ. ನಮ್ಮ ಕಡೆಯ ನಿಲ್ದಾಣದ ಕೆಲಸ ಯಾಕೆ ನಿಂತಿದೆ ಎಂದು ಕೇಳಿದೆ. ಆತ ಬಹಳ ವಿನಯದಿಂದ, ‘ಕೆಲಸ ನಿಂತಿಲ್ಲ ಸರ್, ಪ್ರಗತಿಯಲ್ಲಿದೆ’ ಎಂದ. ಅಲ್ಲಿ ಬೆಳೆದ ಗಿಡಗಂಟಿಯಲ್ಲಿ ಮೇಕೆ ಮೇಯುತ್ತಿವೆಯಲ್ಲ ಎಂದರೆ, ‘ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಸರ್’ ಎಂದ. ಯಾರ ವ್ಯಾಪ್ತಿ ಎಂದು ಕೇಳಿದ್ದಕ್ಕೆ ಇನ್ನೊಂದು ನಂಬರ್ ಕೊಟ್ಟ. ಆ ನಂಬರಿನವರು ಮೊದಲಿನ ಕಚೇರಿಯ ನಂಬರನ್ನೇ ಕೊಟ್ಟರು.

ನನಗೆ ಇನ್ನೊಂದು ಗಡುವು ಬೇಡ. ಬೇಕಾದದ್ದು ಬೇರೆ. ಈಗ ಬಂದಿರುವ ಎಂ.ಡಿ.ಯನ್ನು ಕೆಲಸ ಮುಗಿಯುವವರೆಗೆ ಎತ್ತಂಗಡಿ ಮಾಡುವುದಿಲ್ಲ ಎಂದು ಎರಡೂ ಸರ್ಕಾರಗಳು ಬರೆದುಕೊಡಲಿ. ಎಷ್ಟು ಜಾಗ ಕೈಗೆ ಬಂದಿದೆ, ಯಾವ ಕಡತ ಯಾರ ಮೇಜಿನ ಮೇಲೆ ಎಂದಿನಿಂದ ಇದೆ ಎಂಬುದನ್ನು ಪ್ರತಿ ತಿಂಗಳು ಅಧಿಕಾರಿಯ ಹುದ್ದೆ ಸಮೇತ ಕನ್ನಡದಲ್ಲಿ ಪ್ರಕಟಿಸಲಿ. ನಮ್ಮ ಎರಡನೆಯ ಕಾರಿಡಾರ್ ಮಲ್ಲಿಗೆ ಇಡಿಯಾಗಿ ಒಂದೇ ಸಲ ಬರಬೇಕೆಂಬ ಹಟವೂ ನನಗಿಲ್ಲ. ಚಿಕ್ಕಬಾಣಾವರದಿಂದ ಯಶವಂತಪುರದವರೆಗಿನ ತುಂಡನ್ನು ಮೊದಲು ಓಡಿಸಲಿ, ಅಲ್ಲಿಂದ ಮುಂದೆ ನಾನು ಹೇಗೋ ಹೋಗಿಕೊಳ್ಳುತ್ತೇನೆ. ನಗರದ ಪಾಲಿಕೆಗಳ ಚುನಾವಣೆಗೆ ಯಾರಾದರೂ ನಮ್ಮ ಬೀದಿಗೆ ಮತ ಕೇಳಲು ಬಂದರೆ, ಯಾವ ಪಕ್ಷದವರಾದರೂ ಸರಿ, ಬಸ್ಸಿನಲ್ಲಿ ಬರಲಿ. ಬೆಳಿಗ್ಗೆ ಎಂಟೂವರೆಗೆ, ಬಾಣಸವಾಡಿಯಿಂದ.