ದುಡ್ಡಿಲ್ಲದ್ದಕ್ಕೆ ದಂಡ, ದಂಡಕ್ಕೆ ಜಿಎಸ್‌ಟಿ

ಹುಡುಗರಿಗೆ ಉಳಿತಾಯದ ಬುದ್ಧಿ ಹೇಳುವವರಿಗೆ ನಮ್ಮ ದೇಶದಲ್ಲಿ ಯಾವತ್ತೂ ಬರ ಬಿದ್ದಿಲ್ಲ. ರಿಸರ್ವ್ ಬ್ಯಾಂಕ್ ಪ್ರತಿ ವರ್ಷ ಆರ್ಥಿಕ ಸಾಕ್ಷರತಾ ಸಪ್ತಾಹ ಮಾಡುತ್ತದೆ. 2024ರ ಸಪ್ತಾಹವನ್ನು ಮುಖ್ಯವಾಗಿ ವಿದ್ಯಾರ್ಥಿಗಳು ಮತ್ತು ಯುವಕರಿಗಾಗಿಯೇ ಮಾಡಿದರು. ಚಿಕ್ಕ ವಯಸ್ಸಲ್ಲೇ ಉಳಿಸೋಕೆ ಶುರು ಮಾಡಿ, ಚಕ್ರಬಡ್ಡಿಯ ಮಹಿಮೆ ತಿಳಿದುಕೊಳ್ಳಿ ಅಂತ ಉಪದೇಶ. ಇನ್ನು ರೀಲ್ಸ್‌ನಲ್ಲಿ ಬರುವ ಹಣಕಾಸು ಗುರುಗಳದ್ದು ಬೇರೆಯೇ ವರಸೆ. ಕಾಫಿ ಬಿಡಿ, ಆ ದುಡ್ಡನ್ನು ಎಸ್‌ಐಪಿಗೆ, ಅಂದರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಾಕಿ, ನಲವತ್ತಕ್ಕೆ ಕೋಟ್ಯಧಿಪತಿ ಆಗಿ. ದರ್ಶಿನಿ ಮುಂದೆ ನಿಂತು ಬೈಟು ಕುಡಿಯುವ ಹುಡುಗನನ್ನು ಕಂಡರೆ ಸಾಕು, ದೇಶದ ಖಜಾನೆಯೇ ಸೋರಿಹೋಯಿತೇನೋ ಅನ್ನುವಷ್ಟು ಸಂಕಟ ಪಡುತ್ತಾರೆ.

ಸರಿ, ಹುಡುಗ ಮಾತು ಕೇಳಿದ ಅಂತಲೇ ಇಟ್ಟುಕೊಳ್ಳಿ. ಕಾಫಿ ಬಿಟ್ಟ. ಉಳಿದ ದುಡ್ಡನ್ನು ಎಲ್ಲಿಡಬೇಕು? ಉಳಿತಾಯ ಖಾತೆಯಲ್ಲಿ. ಹೆಸರೇ ಹೇಳುತ್ತದೆ, ಅಲ್ವಾ? ಆದರೆ ಬ್ಯಾಂಕಿನ ಒಳಗೆ ಕಾಲಿಟ್ಟ ಮೇಲೆ ಗೊತ್ತಾಗುತ್ತದೆ, ಉಳಿತಾಯ ಶುರು ಮಾಡಬೇಕಾದರೆ ಮೊದಲೇ ಒಂದಿಷ್ಟು ಉಳಿತಾಯ ಆಗಿರಬೇಕು. ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಅನ್ನುತ್ತಾರೆ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ.

ಈ ಮಿನಿಮಮ್ ಎಷ್ಟಿರಬಹುದು ಅನ್ನೋದಕ್ಕೆ 2025ರ ಆಗಸ್ಟ್ ತಿಂಗಳನ್ನೇ ನೋಡಿ. ಐಸಿಐಸಿಐ ಬ್ಯಾಂಕ್ ನಗರಗಳಲ್ಲಿ ಹೊಸದಾಗಿ ತೆರೆಯುವ ಉಳಿತಾಯ ಖಾತೆಗೆ ತಿಂಗಳ ಸರಾಸರಿ 50,000 ರೂಪಾಯಿ ಇರಬೇಕು ಅಂದಿತು. ಅದಕ್ಕೂ ಮುಂಚೆ ಇದ್ದದ್ದು 10,000. ಜನ ಬೊಬ್ಬೆ ಹಾಕಿದರು. ಆಗಸ್ಟ್ 13ಕ್ಕೆ ಬ್ಯಾಂಕು ಅದನ್ನು 15,000ಕ್ಕೆ ಇಳಿಸಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಹತ್ತು ಸಾವಿರ ಇದ್ದದ್ದು ಹದಿನೈದಾಗಿದೆ, ಆದರೂ ಗೆದ್ದೆವು ಅಂತ ಖುಷಿ! ಸಂತೆಯಲ್ಲಿ ಚೌಕಾಸಿ ಮಾಡುವವರು ಈ ವಿದ್ಯೆಯನ್ನು ಬ್ಯಾಂಕಿನವರಿಂದ ಕಲಿಯಬೇಕು.

ಈ ಗಲಾಟೆಯ ನಡುವೆ ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಗೋಝಾರಿಯಾ ಎಂಬ ಊರಿಗೆ ಹೋಗಿದ್ದರು. ಹಳ್ಳಿಯ ಪ್ರತಿಯೊಬ್ಬರನ್ನೂ ಬ್ಯಾಂಕಿನ ತೆಕ್ಕೆಗೆ ತರುವ ಕಾರ್ಯಕ್ರಮ ಅದು. ಪತ್ರಕರ್ತರು ಮಿನಿಮಮ್ ಬ್ಯಾಲೆನ್ಸ್ ಬಗ್ಗೆ ಕೇಳಿದರು. ಅದು ಆಯಾ ಬ್ಯಾಂಕಿಗೆ ಬಿಟ್ಟದ್ದು, ನಮ್ಮ ನಿಯಂತ್ರಣದಲ್ಲಿ ಬರೋದಿಲ್ಲ ಎಂಬರ್ಥದ ಉತ್ತರ ಬಂತು. ಎಲ್ಲರೂ ಒಳಗೆ ಬನ್ನಿ ಅಂತ ಕರೆಯೋದು ಒಬ್ಬರು. ಬಾಗಿಲಲ್ಲಿ ಟಿಕೆಟ್ ದರ ನಿಗದಿ ಮಾಡೋದು ಇನ್ನೊಬ್ಬರು.

ಈಗ ಲೆಕ್ಕಕ್ಕೆ ಬರೋಣ. ಹಾಸನದ ಕಡೆಯ ಒಬ್ಬ ಹುಡುಗ. ಬೆಂಗಳೂರಿನಲ್ಲಿ ಪಿಜಿ ವಾಸ. ಮೊದಲ ಕೆಲಸ, ಜೊತೆಗೆ ಒಂದು ಸ್ಯಾಲರಿ ಅಕೌಂಟ್. ಸಂಬಳ ಬರುವಷ್ಟು ದಿನ ಅದಕ್ಕೆ ಮಿನಿಮಮ್ ಬ್ಯಾಲೆನ್ಸಿನ ಕಾಟ ಇಲ್ಲ. ಅಂದರೆ ದುಡ್ಡು ಇರುವವನಿಗೆ ದುಡ್ಡು ಇಡಬೇಕೆಂಬ ನಿಯಮ ಇಲ್ಲ. ಒಂದು ದಿನ ಕಂಪನಿಯವರು ಕರೆದು, ಕಾಫಿ ಕೊಟ್ಟು, ಕೆಲಸದಿಂದ ತೆಗೆದರು. ಸಾಮಾನ್ಯವಾಗಿ ಮೂರು ತಿಂಗಳು ಸಂಬಳ ಬೀಳದಿದ್ದರೆ ಬ್ಯಾಂಕು ಈ ಖಾತೆಯನ್ನು ಮಾಮೂಲಿ ಉಳಿತಾಯ ಖಾತೆ ಮಾಡಿಬಿಡುತ್ತದೆ. ಆವತ್ತಿಂದ ಮಿನಿಮಮ್ ಬ್ಯಾಲೆನ್ಸ್ ಜಾರಿ. ಎಂಥಾ ಸಮಯಪ್ರಜ್ಞೆ ನೋಡಿ. ಕೆಲಸ ಇದ್ದಾಗ ಕೇಳದವರು, ಕೆಲಸ ಹೋದ ಮೇಲೆ ಬಂದು, ಎಲ್ಲಪ್ಪಾ ನಿನ್ನ ಹದಿನೈದು ಸಾವಿರ ಅಂತ ಕೇಳುತ್ತಾರೆ.

ಹುಡುಗನ ಹತ್ತಿರ ಉಳಿದಿರೋದು 2,300 ರೂಪಾಯಿ. ಕಾಫಿ ಬಿಟ್ಟು ಉಳಿಸಿದ್ದು. ಹದಿನೈದು ಸಾವಿರಕ್ಕೆ 12,700 ಕಮ್ಮಿ. ಕಮ್ಮಿ ಬಿದ್ದದ್ದರ ಶೇ 6 ಅಥವಾ 500 ರೂಪಾಯಿ, ಯಾವುದು ಕಡಿಮೆಯೋ ಅದು ದಂಡ ಅನ್ನೋದು ಚಾಲ್ತಿಯಲ್ಲಿರುವ ಒಂದು ದರ. ಹಾಗಾಗಿ 500. ಅದರ ಮೇಲೆ ಶೇ 18 ಜಿಎಸ್‌ಟಿ, 90 ರೂಪಾಯಿ. ಒಟ್ಟು 590. ದೊಡ್ಡ ಬ್ಯಾಂಕುಗಳು ಉಳಿತಾಯ ಖಾತೆಗೆ ಕೊಡುವ ಬಡ್ಡಿ ಈಗ ಶೇ 2.5ರ ಆಸುಪಾಸಿನಲ್ಲಿದೆ. 2,300 ರೂಪಾಯಿಗೆ ವರ್ಷಕ್ಕೆ ಐವತ್ತೇಳೂವರೆ ರೂಪಾಯಿ. ಒಂದು ತಿಂಗಳ ದಂಡ ಕಟ್ಟೋಕೆ ಒಂಬತ್ತು ವರ್ಷದ ಬಡ್ಡಿಯೂ ಸಾಲದು. ಚಕ್ರಬಡ್ಡಿಯ ಮಹಿಮೆ ಅಂದಿದ್ದರಲ್ಲ, ಚಕ್ರ ತಿರುಗುತ್ತಿರೋದು ನಿಜ. ಕೆಳಗೆ ಸಿಕ್ಕಿಕೊಂಡವನು ಮಾತ್ರ ಹುಡುಗ.

ಆ 90 ರೂಪಾಯಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ಕು, ಪೆನ್ಸಿಲ್ಲು, ರಬ್ಬರಿಗೆ ಜಿಎಸ್‌ಟಿ ಇಲ್ಲ. ಒಳ್ಳೆಯದೇ. ಆದರೆ ಜೇಬು ಖಾಲಿ ಇರೋದಕ್ಕೆ ಬ್ಯಾಂಕು ಹಾಕುವ ಶುಲ್ಕದ ಮೇಲೆ ಶೇ 18 ಹಾಗೇ ಇದೆ. ಸರ್ಕಾರದ ಲೆಕ್ಕದಲ್ಲಿ ಅದೊಂದು ಸೇವೆ. ದುಡ್ಡಿಲ್ಲ ಅಂತ ಹುಡುಗನಿಗೆ ಜ್ಞಾಪಿಸೋದು ಸೇವೆಯೇ ಇರಬೇಕು. ಪಾಪ, ಅವನಿಗೆ ಗೊತ್ತಿರಲಿಲ್ಲ ನೋಡಿ!

ಹಾಗಂತ ನಿಯಮ ಮಾಡಿದವರಿಗೆ ಕರುಣೆ ಇಲ್ಲ ಅನ್ನಬೇಡಿ. ದಂಡ ಹಾಕುವ ಮುಂಚೆ ಎಸ್‌ಎಂಎಸ್ಸೋ ಇಮೇಲೋ ಕಳಿಸಿ ಒಂದು ತಿಂಗಳು ಟೈಮ್ ಕೊಡಬೇಕು, ದಂಡದ ಕಾರಣಕ್ಕೇ ಖಾತೆ ಮೈನಸ್‌ಗೆ ಹೋಗಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ 2015ರ ಏಪ್ರಿಲ್‌ನಿಂದಲೇ ಇದೆ. ಅಂದರೆ ಸೊನ್ನೆ ಆಗುವ ತನಕ ಸುಲಿಯಬಹುದು, ಆಮೇಲೆ ಮುಟ್ಟಬಾರದು. 2,300 ಸೊನ್ನೆಯಾಗೋಕೆ ನಾಲ್ಕು ತಿಂಗಳು ಸಾಕು.

ತಪ್ಪಿಸಿಕೊಳ್ಳೋಕೆ ದಾರಿಯೂ ಇದೆ. ಬ್ಯಾಂಕು ನೋಡೋದು ತಿಂಗಳ ಸರಾಸರಿ. ದಿನದಿನದ ಬ್ಯಾಲೆನ್ಸನ್ನೆಲ್ಲ ಕೂಡಿ ಮೂವತ್ತರಿಂದ ಭಾಗಿಸುತ್ತಾರೆ. ಅಲ್ಲಿಗೆ ಇಪ್ಪತ್ತೊಂಬತ್ತು ದಿನ ಖಾತೆ ಖಾಲಿ ಬಿಟ್ಟು, ಒಂದೇ ಒಂದು ದಿನ ನಾಲ್ಕೂವರೆ ಲಕ್ಷ ಇಟ್ಟರೆ ಸರಾಸರಿ ಹದಿನೈದು ಸಾವಿರ ಸಿಕ್ಕಿತು! ಇಷ್ಟು ಸುಲಭ. ಅಪ್ಪನ ಕಾಫಿ ತೋಟದ ದುಡ್ಡೋ, ಮಾವನ ಸೈಟು ಮಾರಿದ ದುಡ್ಡೋ ಒಂದು ದಿನದ ಮಟ್ಟಿಗೆ ಈಸಿಕೊಂಡರಾಯಿತು. ಇಂಥ ಅಪ್ಪ, ಮಾವ ಇಲ್ಲದವರು ಏನು ಮಾಡಬೇಕು ಅಂತ ಕೇಳಬೇಡಿ. ಅಂಥವರಿಗೆ ಅಂತಲೇ ದಂಡ ಇರೋದು.

ಈ ಬಾಬ್ತಿನಲ್ಲಿ ಕೂಡಿದ್ದೆಷ್ಟು ಅಂತೀರಾ? 2024ರ ಮಾರ್ಚಿಗೆ ಮುಗಿದ ಐದು ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳೇ ಸುಮಾರು 8,500 ಕೋಟಿ ರೂಪಾಯಿ ಎತ್ತಿವೆ ಅಂತ ಸರ್ಕಾರವೇ ಸಂಸತ್ತಿಗೆ ಹೇಳಿದೆ. ಅದಕ್ಕೂ ಹಿಂದೆ, 2017ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸ್ಟೇಟ್ ಬ್ಯಾಂಕ್ ಒಂದೇ ಎತ್ತಿದ್ದು 1,771 ಕೋಟಿ. ಆ ವರ್ಷ ಜುಲೈ-ಸೆಪ್ಟೆಂಬರ್‌ನ ಅದರ ಲಾಭಕ್ಕಿಂತ ಇದೇ ಜಾಸ್ತಿ. ಹನಿ ಹನಿ ಗೂಡಿದರೆ ಹಳ್ಳ ಅಂತ ಗಾದೆ ಮಾಡಿದವರು ಹಳ್ಳ ಯಾರ ಮನೆ ಕಡೆ ಹರಿಯುತ್ತದೆ ಅಂತ ಹೇಳಿರಲಿಲ್ಲ. ಸ್ಟೇಟ್ ಬ್ಯಾಂಕ್ 2020ರಲ್ಲಿ ಈ ದಂಡ ಬಿಟ್ಟಿತು. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಬಿಟ್ಟಿತು. ಅದರ ಬೆನ್ನಿಗೇ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ಬಿಟ್ಟವು. ಆದರೆ ನಮ್ಮ ಹುಡುಗನ ಸ್ಯಾಲರಿ ಅಕೌಂಟ್ ಎಲ್ಲಿರಬೇಕು ಅಂತ ತೀರ್ಮಾನಿಸಿದ್ದು ಕಂಪನಿ. ಅವನಲ್ಲ.

ನಮ್ಮ ಕರಾವಳಿಯವರಿಗೆ ಇದನ್ನೆಲ್ಲ ಓದಿದರೆ ನಗು ಬರಬೇಕು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದ. ಎರಡಾಣೆ ತಾನೇ ಅಂತ ಮೂಗು ಮುರಿಯಲಿಲ್ಲ. ಇವತ್ತಿಗೂ ನಮ್ಮ ಎಷ್ಟೋ ಊರುಗಳಲ್ಲಿ ಪಿಗ್ಮಿಯವರು ಸಂಜೆ ಹೊತ್ತು ಬೀಡಾ ಅಂಗಡಿ, ಹೂವಿನ ಅಂಗಡಿ ಮುಂದೆ ಬೈಕ್ ನಿಲ್ಲಿಸುತ್ತಾರೆ. ಕೈಯಲ್ಲಿ ಸಣ್ಣ ಮಷೀನು. ಐವತ್ತು ರೂಪಾಯಿ ಕೊಟ್ಟರೆ ಬೆರಳಷ್ಟು ಅಗಲದ ಚೀಟಿ ಹರಿದು ಕೊಡುತ್ತಾರೆ. ವ್ಯಾಪಾರ ಇಲ್ಲ, ನಾಳೆ ಬಾ ಮಾರಾಯ ಅಂದರೆ, ಆಯ್ತು ಅಂತ ಹೊರಡುತ್ತಾರೆ. ಹೂವಿನವಳಿಗೆ ದಂಡ ಹಾಕಿ, ಅದಕ್ಕೆ ಜಿಎಸ್‌ಟಿ ಸೇರಿಸುವಷ್ಟು ಬುದ್ಧಿ ಅವರಿಗಿನ್ನೂ ಬಂದಿಲ್ಲ. ಕಂಪ್ಯೂಟರ್ ಕೊಡಿಸಿದರೆ ಬರಬಹುದು.

ಮಿನಿಮಮ್ ಬ್ಯಾಲೆನ್ಸ್ ಬೇಡದ ಬೇಸಿಕ್ ಉಳಿತಾಯ ಖಾತೆ ಅಂತ ಒಂದಿದೆ, ಕೇಳಿದವರಿಗೆ ಬ್ಯಾಂಕು ಕೊಡಲೇಬೇಕು. ಆದರೆ ಅದನ್ನು ಕೌಂಟರಿನಲ್ಲಿ ಕೇಳಿ ನೋಡಿ. ಸಾಹೇಬರು ಒಮ್ಮೆ ನಿಮ್ಮ ಬಟ್ಟೆ ನೋಡುತ್ತಾರೆ, ಒಮ್ಮೆ ಚಪ್ಪಲಿ ನೋಡುತ್ತಾರೆ, ಆಮೇಲೆ ಒಂದು ಇನ್ಶೂರೆನ್ಸ್ ಪಾಲಿಸಿಯ ಬಗ್ಗೆ ಮಾತು ಶುರು ಮಾಡುತ್ತಾರೆ.

ನಮ್ಮ ಹಾಸನದ ಹುಡುಗನಿಗೆ ಈ ಬೇಸಿಕ್ ಖಾತೆಯ ಸುದ್ದಿ ಯಾರೂ ಹೇಳಲಿಲ್ಲ. ಬ್ಯಾಲೆನ್ಸ್ ಸೊನ್ನೆಯಾದ ದಿನ ಅದೇ ಬ್ಯಾಂಕಿನಿಂದ ಇನ್ನೊಂದು ಮೆಸೇಜ್ ಬಂತು. ಅಭಿನಂದನೆಗಳು, ನಿಮಗೆ 5 ಲಕ್ಷ ರೂಪಾಯಿ ಸಾಲ ಮೊದಲೇ ಮಂಜೂರಾಗಿದೆ. ಲಿಂಕ್ ಒತ್ತಿದ. ಸಾಲ ಯಾವುದಕ್ಕೆ ಅಂತ ಕೇಳಿತು. ಮದುವೆ, ಪ್ರವಾಸ, ಚಿಕಿತ್ಸೆ, ಮನೆ ರಿಪೇರಿ ಎಲ್ಲ ಇತ್ತು. ಮಿನಿಮಮ್ ಬ್ಯಾಲೆನ್ಸ್ ಇಡೋದಕ್ಕೆ ಅನ್ನೋದು ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. 'ಇತರೆ' ಒತ್ತಿ ಕೂತಿದ್ದಾನೆ.